ಕೊರಿಯಾದಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ: ಈ ಕರಾರಿಗೆ ಸಹಿ ಹಾಕಬಹುದಾ?

ಪಯಣಿಗ_22:

ಎಲ್ಲರಿಗೂ ನಮಸ್ಕಾರ. ವಯಸ್ಸು 22, ಅಮೆರಿಕದ ಪಾಸ್‌ಪೋರ್ಟ್, ಐದನೇ ಕ್ಲಾಸಿನಿಂದ ಓದಿದ್ದೆಲ್ಲ ಅಲ್ಲೇ. ಬರುವ ಮೇ ತಿಂಗಳಲ್ಲಿ ಇತಿಹಾಸದಲ್ಲಿ ಬಿ.ಎ. ಮುಗಿಯುತ್ತೆ. ಪಾಠ ಮಾಡಿದ ಅನುಭವ ಇಲ್ಲ. ದಕ್ಷಿಣ ಕೊರಿಯಾಕ್ಕೆ ಹೋಗಿ ಒಂದು ವರ್ಷ ಇಂಗ್ಲಿಷ್ ಕಲಿಸೋಣ ಅಂತ ಯೋಚನೆ. ಒಬ್ಬ ರಿಕ್ರೂಟರ್ ಮೂಲಕ ಬುಸಾನ್‌ನ ಒಂದು ಹಾಗ್ವಾನ್‌ನಿಂದ (ಖಾಸಗಿ ಟ್ಯೂಷನ್ ಶಾಲೆ) ಕರಾರು ಬಂದಿದೆ. ಮುಖ್ಯ ಸಾಲುಗಳು:

– ಸಂಬಳ ತಿಂಗಳಿಗೆ 21 ಲಕ್ಷ ವಾನ್
– ವಾರಕ್ಕೆ 30 ಬೋಧನಾ ಗಂಟೆ, ಕ್ಲಾಸು 40 ನಿಮಿಷದ್ದು, ಮಧ್ಯಾಹ್ನ 1ರಿಂದ ರಾತ್ರಿ 9ರವರೆಗೆ
– ಸಂಬಳದಿಂದ 3.3% ತೆರಿಗೆ ಮಾತ್ರ ಕಡಿತ
– ರಜೆ 10 ದಿನ
– ಮನೆ ಅವರದೇ. ಮೊದಲ 3 ತಿಂಗಳು 3 ಲಕ್ಷ ವಾನ್‌ನಂತೆ ಡಿಪಾಸಿಟ್ ಹಿಡಿಯುತ್ತಾರೆ
– 6 ತಿಂಗಳೊಳಗೆ ಬಿಟ್ಟರೆ ವಿಮಾನದ ಟಿಕೆಟ್ ದುಡ್ಡು ವಾಪಸ್, ಜತೆಗೆ 20 ಲಕ್ಷ ವಾನ್ ದಂಡ

ಶುಕ್ರವಾರದೊಳಗೆ ಸಹಿ ಬೇಕು ಅಂತಿದಾರೆ. ಇದು ಒಪ್ಪಬಹುದಾದ ಕರಾರಾ? ಅಥವಾ ಸರ್ಕಾರಿ ಶಾಲೆಗೆ ಅರ್ಜಿ ಹಾಕೋದು ಮೇಲಾ? ಕಾಗದಪತ್ರ ಯಾವಾಗ ಶುರು ಮಾಡಬೇಕು?

ಭೂತಗನ್ನಡಿ:

ಶುಕ್ರವಾರದ ಮಾತು ಬಿಡಿ. ಡಿಗ್ರಿ ಸರ್ಟಿಫಿಕೇಟ್ ಕೈಗೆ ಬರೋ ತನಕ ವೀಸಾ ಕೆಲಸ ಮುಂದೆ ಹೋಗೋದೇ ಇಲ್ಲ, ಅವರಿಗೂ ಅದು ಗೊತ್ತು. ರಿಕ್ರೂಟರ್‌ಗೆ ಕಮಿಷನ್ ಬರೋದು ಹಾಗ್ವಾನ್‌ನಿಂದ, ನಿಮ್ಮಿಂದಲ್ಲ. ಅವಸರದ ಮೂಲ ಅಲ್ಲಿದೆ.

ಈಗ ಕರಾರು. ಮೊದಲು '30 ಬೋಧನಾ ಗಂಟೆ'. ಓದುವಾಗ ಹಗುರ ಅನ್ನಿಸುತ್ತೆ, ದಿನಕ್ಕೆ ಆರು ಕ್ಲಾಸು ಅಂತ ಭಾಸವಾಗುತ್ತೆ. ಆದರೆ ಗಂಟೆ 60 ನಿಮಿಷದ್ದು, ಕ್ಲಾಸು 40 ನಿಮಿಷದ್ದು. 30 ಗಂಟೆ ಅಂದರೆ 1,800 ನಿಮಿಷ. 40ರಿಂದ ಭಾಗಿಸಿ: ವಾರಕ್ಕೆ 45 ಕ್ಲಾಸು, ದಿನಕ್ಕೆ 9. ಒಂದರಿಂದ ಒಂಬತ್ತರವರೆಗಿನ ಎಂಟು ಗಂಟೆಯಲ್ಲಿ ಆರು ಗಂಟೆ ಪಾಠಕ್ಕೇ ಹೋಯಿತು. ಉಳಿದ ಎರಡು ಗಂಟೆಯಲ್ಲಿ ಕ್ಲಾಸು ಬದಲಾಯಿಸೋದು, ಹೋಮ್‌ವರ್ಕ್ ತಿದ್ದೋದು, ತಿಂಗಳ ಕೊನೆಗೆ ಪ್ರತಿ ಮಗುವಿನ ವರದಿ ಬರೆಯೋದು, ಊಟ. ಸಾಕಾಗಲ್ಲ. ಹೀಗಾಗಿ ಕೇಳಬೇಕಾದ ಪ್ರಶ್ನೆ 'ಎಷ್ಟು ಗಂಟೆ' ಅಂತಲ್ಲ, 'ವಾರಕ್ಕೆ ಎಷ್ಟು ಕ್ಲಾಸು' ಅಂತ. ಉತ್ತರ ಕರಾರಿನಲ್ಲೇ ಅಂಕಿಯಲ್ಲಿ ಬರಬೇಕು. 30 ಕ್ಲಾಸು ಅಂದರೆ ಮಾಡಬಹುದು. 35 ದಾಟಿದರೆ ಹೊಸಬರು ಸುಸ್ತಾಗ್ತಾರೆ.

ಸಂಬಳ. 2026ರ ಕನಿಷ್ಠ ಕೂಲಿ ಗಂಟೆಗೆ 10,320 ವಾನ್. ವಾರಕ್ಕೆ 40 ಗಂಟೆ ಕೆಲಸವಿದ್ದರೆ ವಾರದ ರಜೆಯ ಕೂಲಿಯೂ ಸೇರಿ ತಿಂಗಳಿಗೆ 209 ಗಂಟೆ ಅಂತ ಲೆಕ್ಕ ಹಿಡಿಯುತ್ತಾರೆ. ಗುಣಿಸಿದರೆ 21,56,880 ವಾನ್. ನಿಮಗೆ ಕೊಡ್ತಿರೋದು 21 ಲಕ್ಷ. ಹಾಗಾದರೆ ಕಾನೂನುಬಾಹಿರವಾ? ಅದು ನಿಂತಿರೋದು ಊಟದ ವಿರಾಮದ ಮೇಲೆ. ಎಂಟು ಗಂಟೆ ಕೆಲಸಕ್ಕೆ ಒಂದು ಗಂಟೆ ವಿರಾಮ ಕೊಡಬೇಕು, ವಿರಾಮಕ್ಕೆ ಸಂಬಳ ಇಲ್ಲ. 1ರಿಂದ 9ರ ನಡುವೆ ನಿಜವಾಗಿ ಒಂದು ಗಂಟೆ ಬಿಡುವು ಕೊಟ್ಟರೆ ದಿನದ ಕೆಲಸ 7 ಗಂಟೆ, ಆಗ ಕನಿಷ್ಠ ಸಂಬಳ ಸುಮಾರು 18.8 ಲಕ್ಷಕ್ಕೆ ಇಳಿಯುತ್ತೆ, 21 ಲಕ್ಷ ಕಾನೂನಿನೊಳಗೇ ಇರುತ್ತೆ. ಆ ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳಿ, ಫೋನ್ ಎತ್ತಿ ಅಂದರೆ ಅದು ವಿರಾಮವಲ್ಲ, ಕೆಲಸ. ದಿನಕ್ಕೆ 9 ಕ್ಲಾಸು ಇಟ್ಟವರು ಪೂರ್ತಿ ಒಂದು ಗಂಟೆ ಬಿಡ್ತಾರೆ ಅನ್ನೋದು ನನಗಂತೂ ನಂಬಿಕೆಯಿಲ್ಲ. ವಿರಾಮ ಎಷ್ಟರಿಂದ ಎಷ್ಟರವರೆಗೆ ಅಂತ ಬರೆಸಿ.

ಇನ್ನು 3.3%. ಇದನ್ನು ಸವಲತ್ತು ಅನ್ನೋ ಹಾಗೆ ತೋರಿಸ್ತಾರೆ. 3.3% ಅನ್ನೋದು ಸ್ವಂತ ವ್ಯವಹಾರ ಮಾಡುವ ಫ್ರೀಲ್ಯಾನ್ಸರ್‌ಗೆ ಹಿಡಿಯೋ ತೆರಿಗೆ. ನಿಮ್ಮನ್ನು ಹಾಗೆ ತೋರಿಸಿದರೆ ಪಿಂಚಣಿ, ಆರೋಗ್ಯ ವಿಮೆ ಎರಡರಲ್ಲೂ ಮಾಲೀಕರ ಪಾಲು ಉಳಿಯುತ್ತೆ, ವರ್ಷದ ಕೊನೆಗೆ 'ನೀವು ನೌಕರರೇ ಅಲ್ಲ, ತ್ವೇಜಿಗಮ್ (ಕೆಲಸ ಬಿಡುವಾಗಿನ ಇಡುಗಂಟು) ಯಾಕೆ ಕೊಡಬೇಕು' ಅಂತ ತಕರಾರು ತೆಗೀಬಹುದು. ಹೊತ್ತು, ಜಾಗ, ಪುಸ್ತಕ ಎಲ್ಲ ಅವರೇ ನಿಗದಿ ಮಾಡಿ, ವೀಸಾನೂ ಅವರ ಹೆಸರಿನಲ್ಲೇ ಇರುವಾಗ ನೀವು ಫ್ರೀಲ್ಯಾನ್ಸರ್ ಹೇಗಾಗ್ತೀರಿ? ಕಾರ್ಮಿಕ ಕಚೇರಿಗೆ ಹೋದರೆ ಅವರು ನೋಡೋದು ಕೆಲಸ ಹೇಗೆ ನಡೆಯುತ್ತೆ ಅನ್ನೋದನ್ನು, ಕರಾರಿನ ಹಣೆಪಟ್ಟಿಯನ್ನಲ್ಲ. ಆದರೂ ಹೋಗೋ ಪ್ರಮೇಯ ಯಾಕೆ?

ಕಳೆದುಕೊಳ್ಳೋದು ಎಷ್ಟು? ಲೆಕ್ಕಕ್ಕೆ ಸಂಬಳ 23 ಲಕ್ಷ ಅಂತ ಹಿಡೀರಿ. 2026ರ ಜನವರಿಯಿಂದ ರಾಷ್ಟ್ರೀಯ ಪಿಂಚಣಿ 9.5%, ನಿಮ್ಮದು 4.75%, ಮಾಲೀಕರದು 4.75%. ನಿಮ್ಮ ಪಾಲು 1,09,250 ವಾನ್, ಇಬ್ಬರದೂ ಸೇರಿ ತಿಂಗಳಿಗೆ 2,18,500, ವರ್ಷಕ್ಕೆ 26,22,000. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರು ದೇಶ ಬಿಡುವಾಗ ಇದನ್ನು ಬಡ್ಡಿ ಸಮೇತ ಒಟ್ಟಿಗೆ ವಾಪಸ್ ಪಡೀಬಹುದು. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್‌ನವರಿಗೆ ಈ ಸೌಲಭ್ಯ ಇಲ್ಲ. ಅದರ ಮೇಲೆ ವರ್ಷ ತುಂಬಿದರೆ ತ್ವೇಜಿಗಮ್, ಅಂದರೆ ಕೊನೆಯ ಮೂರು ತಿಂಗಳ ಸರಾಸರಿಯಲ್ಲಿ 30 ದಿನದ ಸಂಬಳ. ಕೆಲಸ ಬಿಟ್ಟ 14 ದಿನದೊಳಗೆ ಕೊಡಬೇಕು. ಎರಡೂ ಸೇರಿ 49 ಲಕ್ಷದ ಹತ್ತಿರ. 3.3% ಕರಾರಿನಲ್ಲಿ ತಿಂಗಳಿಗೆ ಒಂದು ಲಕ್ಷ ಚಿಲ್ಲರೆ ಕೈಗೆ ಹೆಚ್ಚು ಬರುತ್ತೆ ಅಷ್ಟೇ.

ವರ್ಷ 'ತುಂಬಿದರೆ' ಅಂದೆ. ಹನ್ನೊಂದನೇ ತಿಂಗಳಲ್ಲಿ ನೆಪ ತೆಗೆದು ಮನೆಗೆ ಕಳಿಸೋದು ಈ ಧಂದೆಯ ಹಳೇ ಚಾಳಿ. ಇಲ್ಲಿ ಶಾಲೆಯಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ ಅನ್ನೋದು ಮುಖ್ಯ. ಐದಕ್ಕಿಂತ ಕಡಿಮೆ ನೌಕರರಿರುವ ಜಾಗಕ್ಕೆ ಕಾರ್ಮಿಕ ಮಾನದಂಡ ಕಾಯ್ದೆಯ ಎಷ್ಟೋ ರಕ್ಷಣೆ ಅನ್ವಯಿಸಲ್ಲ: ಅನ್ಯಾಯದ ವಜಾ ವಿರುದ್ಧ ದೂರು, ಹೆಚ್ಚುವರಿ ಕೆಲಸಕ್ಕೆ 50% ಹೆಚ್ಚು ಕೂಲಿ, ವಾರ್ಷಿಕ ರಜೆ, ಮೂರೂ ಇಲ್ಲ. ತ್ವೇಜಿಗಮ್ ಮಾತ್ರ ಒಬ್ಬನೇ ನೌಕರನಿದ್ದರೂ ಉಂಟು. ಐದು ಮತ್ತು ಅದಕ್ಕಿಂತ ಹೆಚ್ಚು ಜನರಿದ್ದರೆ ಮೊದಲ ವರ್ಷ ತಿಂಗಳಿಗೊಂದರಂತೆ 11 ದಿನ ರಜೆ. ಸೊಲ್ಲಾಲ್, ಚುಸೊಕ್‌ನಂಥ ಸಾರ್ವಜನಿಕ ರಜೆಗಳು ಅದರ ಹೊರಗೆ. ನಿಮ್ಮ 10 ದಿನದಲ್ಲಿ ಹಬ್ಬದ ರಜೆಯನ್ನೂ ಸೇರಿಸಿದ್ದಾರಾ ಕೇಳಿ ನೋಡಿ.

20 ಲಕ್ಷ ದಂಡ: ಅದೇ ಕಾಯ್ದೆಯ 20ನೇ ಕಲಂ ಪ್ರಕಾರ ಕರಾರು ಮುರಿದರೆ ಇಷ್ಟು ಅಂತ ಮೊದಲೇ ದಂಡ ನಿಗದಿ ಮಾಡೋ ಹಾಗಿಲ್ಲ. ಟಿಕೆಟ್ ದುಡ್ಡಿನ ಸಾಲು ಬಹುತೇಕ ಕರಾರುಗಳಲ್ಲಿ ಇರುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಡಿಪಾಸಿಟ್ಟೂ ಮಾಮೂಲು, ಯಾವ ಬಿಲ್ ಕಳೆದು ಯಾವತ್ತು ವಾಪಸ್ ಕೊಡ್ತಾರೆ ಅನ್ನೋದು ಬರವಣಿಗೆಯಲ್ಲಿರಲಿ.

ಒಟ್ಟಿನಲ್ಲಿ ಈ ಕರಾರಿಗೆ ಸಹಿ ಬೇಡ. ತಿದ್ದಿ ಕೊಟ್ಟರೆ ಮತ್ತೆ ನೋಡಬಹುದು.

ಚಾಕ್‌ಪೀಸ್_ಚೂರು:

ಮೇಲಿನವರು ಕರಾರನ್ನು ಬಿಡಿಸಿ ಇಟ್ಟಿದ್ದಾರೆ. ನಾನು ಸರ್ಕಾರಿ ಶಾಲೆ ಮತ್ತು ಕಾಗದಪತ್ರದ ವಿಚಾರ ಹೇಳುತ್ತೇನೆ.

ಸರ್ಕಾರಿ ದಾರಿಯ ಹೆಸರು ಏಪಿಕ್. 1995ರಲ್ಲಿ ಶುರುವಾದದ್ದು. ಮಾರ್ಚ್‌ನಲ್ಲಿ ಕೊರಿಯಾದ ಶಾಲಾ ವರ್ಷ ಆರಂಭ, ಹಾಗಾಗಿ ಒಂದು ತಂಡ ಫೆಬ್ರವರಿ ಕೊನೆಗೆ, ಇನ್ನೊಂದು ಆಗಸ್ಟ್ ಕೊನೆಗೆ ಹೋಗುತ್ತದೆ. ಅರ್ಜಿ ಸುಮಾರು ಆರು ತಿಂಗಳು ಮೊದಲು. ಆಗಸ್ಟ್ ತಂಡಕ್ಕೆ ಫೆಬ್ರವರಿಯಲ್ಲೇ ಅರ್ಜಿ ಹಾಕಬೇಕು. ಪದವಿ ಮುಗಿಯದವರು ಸದ್ಯಕ್ಕೆ ಕಾಲೇಜಿನ ಪತ್ರ ಕೊಟ್ಟು, ಡಿಗ್ರಿಯನ್ನು ಆಮೇಲೆ ಸಲ್ಲಿಸಬಹುದು. ಇತಿಹಾಸ ಪದವೀಧರರಾದ್ದರಿಂದ ನಿಮಗೆ ಕನಿಷ್ಠ 100 ಗಂಟೆಯ ಟೆಫಲ್ (ವಿದೇಶಿಯರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ ಬೇಕು. ಏಳನೇ ತರಗತಿಯಿಂದ ಇಂಗ್ಲಿಷ್ ಮಾತೃಭಾಷೆಯ ದೇಶದಲ್ಲಿ ಓದಿರಬೇಕೆಂಬ ನಿಯಮ ನಿಮಗೆ ತೊಡಕಾಗುವುದಿಲ್ಲ.

ಕೆಲಸದ ಸ್ವರೂಪವೇ ಬೇರೆ. ವಾರಕ್ಕೆ 22 ಪಾಠ, ಉಳಿದ ಹೊತ್ತು ಶಾಲೆಯಲ್ಲೇ ಕೂತು ತಯಾರಿ. ಪ್ರಾಥಮಿಕದಲ್ಲಿ ಪಾಠ 40 ನಿಮಿಷ, ಮಾಧ್ಯಮಿಕದಲ್ಲಿ 45, ಪ್ರೌಢದಲ್ಲಿ 50. ಪಕ್ಕದಲ್ಲಿ ಕೊರಿಯನ್ ಶಿಕ್ಷಕರೊಬ್ಬರು ಇರುತ್ತಾರೆ. ಅವರೊಂದಿಗೆ ಹೊಂದಿಕೆಯಾದರೆ ವರ್ಷ ಸರಾಗ, ಆಗದಿದ್ದರೆ ನೀವು ಧ್ವನಿಮುದ್ರಿತ ಟೇಪಿನ ಬದಲಿಗೆ ನಿಂತವರು. ಮಾಧ್ಯಮಿಕ ಶಾಲೆಯಿಂದ ಮೇಲೆ ಪರೀಕ್ಷೆಯೇ ಎಲ್ಲ. 'ಇದು ಪರೀಕ್ಷೆಗೆ ಬರುತ್ತಾ' ಎಂದು ಕೇಳಿ, ಇಲ್ಲವೆಂದರೆ ಮಕ್ಕಳು ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಹಿಂದಿನ ರಾತ್ರಿ ಹತ್ತರವರೆಗೂ ಅವರು ಹಾಗ್ವಾನ್‌ನಲ್ಲಿ ಇದ್ದವರು. ಮಕ್ಕಳಿಗೆ ರಜೆ ಬಂದಾಗ ನಿಮಗೆ ಪೂರ್ತಿ ರಜೆಯಿಲ್ಲ. ಜನವರಿಯ ಖಾಲಿ ಶಾಲೆಯಲ್ಲಿ ಎಂಟು ಗಂಟೆ ಒಬ್ಬರೇ ಕೂರುವುದೂ ಕೆಲಸದ ಭಾಗ.

ಊರಿನ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಬುಸಾನ್ ಕೇಳಿದವರಿಗೆ ಹಳ್ಳಿಗಾಡಿನ ಮೂರು ಶಾಲೆಗಳ ಓಡಾಟ ಸಿಗಬಹುದು. ಬುಸಾನೇ ಬೇಕೆಂದರೆ ಹಾಗ್ವಾನ್ ಮೇಲು. ಎಲ್ಲಾದರೂ ಸರಿ, ಸಂಬಳ ಒಂದನೇ ತಾರೀಕಿನ ಹಾಗೆ ಬರಬೇಕು ಎನ್ನುವವರಿಗೆ ಏಪಿಕ್. ನಿಮ್ಮ ವಯಸ್ಸಿಗೆ, ಅನುಭವವಿಲ್ಲದ ಕಾರಣಕ್ಕೆ, ನನ್ನ ಮತ ಏಪಿಕ್‌ಗೆ.

ಕಾಗದಪತ್ರ. ಎರಡೂ ದಾರಿಗೆ ವೀಸಾ ಒಂದೇ, ಇ-2. ಮುಖ್ಯವಾಗಿ ಬೇಕಾದದ್ದು ಎರಡು:

ಪದವಿ. ಮೂಲ ಪ್ರತಿಯನ್ನು ಕಳಿಸಬೇಡಿ. ನಕಲನ್ನು ನೋಟರಿ ಮಾಡಿಸಿ, ಆ ನೋಟರಿ ಯಾವ ರಾಜ್ಯದವರೋ ಆ ರಾಜ್ಯದ ಕಚೇರಿಯಿಂದ ಅಪೊಸ್ಟಿಲ್ (ಪತ್ರ ಅಸಲಿ ಎಂದು ಬೇರೆ ದೇಶಕ್ಕೆ ಖಾತರಿ ಕೊಡುವ ಸರ್ಕಾರಿ ದೃಢೀಕರಣ) ಮಾಡಿಸಬೇಕು.

ಎಫ್‌ಬಿಐ ಅಪರಾಧ ದಾಖಲೆ ಪತ್ರ. ಬೆರಳಚ್ಚು ಕೊಟ್ಟು ತರಿಸುವುದು. ಇದು ಕೇಂದ್ರ ಸರ್ಕಾರದ ಪತ್ರವಾದ್ದರಿಂದ ಅಪೊಸ್ಟಿಲ್ ಕೂಡ ಕೇಂದ್ರದ ವಿದೇಶಾಂಗ ಇಲಾಖೆಯಿಂದಲೇ ಆಗಬೇಕು. ಅತಿ ಹೆಚ್ಚು ಜನ ಎಡವುವುದು ಇಲ್ಲಿ: ಪದವಿಯ ಜತೆಗೇ ಇದನ್ನೂ ರಾಜ್ಯದ ಕಚೇರಿಗೆ ಕಳಿಸುತ್ತಾರೆ, ಅದು ತಿರಸ್ಕೃತವಾಗಿ ಬರುವಷ್ಟರಲ್ಲಿ ವಾರಗಟ್ಟಲೆ ಹೋಗಿರುತ್ತದೆ. ಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಹಾಗಾಗಿ ವರ್ಷ ಮೊದಲೇ ತರಿಸಿಟ್ಟುಕೊಳ್ಳುವ ಜಾಣತನವೂ ಬೇಡ.

ಹಾಗ್ವಾನ್ ಆದರೆ ಇವನ್ನು ಕೊರಿಯಾದ ವಲಸೆ ಇಲಾಖೆಗೆ ಸಲ್ಲಿಸಿ ಒಂದು ವೀಸಾ ಸಂಖ್ಯೆ ಪಡೆಯುತ್ತದೆ, ಏಪಿಕ್ ಆದರೆ ನೇಮಕಾತಿ ಪತ್ರ ಮತ್ತು ಕರಾರು ಕಳಿಸುತ್ತಾರೆ. ಅದನ್ನು ಹಿಡಿದು ನೀವು ನಿಮ್ಮ ಭಾಗದ ಕೊರಿಯಾ ದೂತಾವಾಸಕ್ಕೆ ಹೋಗಬೇಕು. 'ಸದ್ಯಕ್ಕೆ ಟೂರಿಸ್ಟ್ ಆಗಿ ಬಂದುಬಿಡಿ, ವೀಸಾ ಆಮೇಲೆ ನೋಡೋಣ' ಎಂದರೆ ಫೋನ್ ಇಡಿ. ವೀಸಾ ಇಲ್ಲದೆ ಪಾಠ ಮಾಡಿದರೆ ದಂಡವೂ ಗಡಿಪಾರೂ ನಿಮಗೆ.

ಹೋದ ಮೇಲೆ ನಿಗದಿತ ಆಸ್ಪತ್ರೆಯಲ್ಲಿ ವೈದ್ಯಕೀಯ ಪರೀಕ್ಷೆಯಿದೆ, ಮಾದಕ ವಸ್ತುಗಳ ತಪಾಸಣೆಯೂ ಸೇರಿ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧ ಎಂಬುದು ಅಲ್ಲಿ ನಡೆಯುವುದಿಲ್ಲ. ಏಕಾಗ್ರತೆಯ ತೊಂದರೆಗೆ ಅಮೆರಿಕದಲ್ಲಿ ಬರೆದುಕೊಡುವ ಅಡೆರಾಲ್ ಕೊರಿಯಾದಲ್ಲಿ ನಿಷಿದ್ಧ, ಚೀಟಿಯಿದ್ದರೂ ಒಯ್ಯುವಂತಿಲ್ಲ. ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ವೈದ್ಯರ ಹತ್ತಿರ ಬದಲಿ ಕೇಳಿ.

ಬಿಎಡ್_ಆಯ್ತು:

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ದಾರಿ ಇದೆಯಾ? ಇಂಗ್ಲಿಷ್ ಎಂ.ಎ., ಬಿ.ಇಡಿ ಆಗಿದೆ.

ಚಾಕ್‌ಪೀಸ್_ಚೂರು:

ಹಾಗ್ವಾನ್‌ಗೆ ಇಲ್ಲ. ಇ-2 ಸಾಮಾನ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತಕ್ಕೆ ಒಂದು ಕಿಂಡಿಯಿದೆ. 2010ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತ–ಕೊರಿಯಾ ಆರ್ಥಿಕ ಒಪ್ಪಂದದ ಪ್ರಕಾರ ಪದವಿ ಮತ್ತು ಇಂಗ್ಲಿಷ್ ಶಿಕ್ಷಕರ ಅರ್ಹತೆ ಇರುವ ಭಾರತೀಯರು ಪ್ರಾಥಮಿಕ, ಪ್ರೌಢ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ನಿಮ್ಮ ಬಿ.ಇಡಿ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ನಿಯಮ ಅವಕಾಶ ಕೊಟ್ಟ ಮಾತ್ರಕ್ಕೆ ಶಾಲೆ ಕರೆಯುತ್ತದೆ ಎಂದೇನಿಲ್ಲ. ನೇಮಕ ಮಾಡುವುದು ಆಯಾ ಶಿಕ್ಷಣ ಕಚೇರಿ, ನೇರವಾಗಿ ಅಲ್ಲೇ ವಿಚಾರಿಸಿ. ಯಾರಾದರೂ ಏಜೆಂಟ್ ಭಾರತದ ಪಾಸ್‌ಪೋರ್ಟ್‌ಗೆ ಹಾಗ್ವಾನ್ ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳಿದರೆ ಅದು ಮೋಸ.

ಹಾನ್_ನದಿ_ಗಾಳಿ:

ಯಾರೂ ಹೇಳದ ಒಂದು ಮಾತು. ಕೊರಿಯಾದಲ್ಲಿ ಬಯೋಡೇಟಾ ಜತೆ ಫೋಟೊ ಕೇಳ್ತಾರೆ. ಕೆಲವು ಹಾಗ್ವಾನ್‌ಗಳು ಫೋಟೊ ನೋಡಿ, ಚರ್ಮದ ಬಣ್ಣ ನೋಡಿ, ಸುಮ್ಮನಾಗಿಬಿಡುತ್ತವೆ. 'ಪೋಷಕರು ಬಯಸೋದು ಬೇರೆ' ಅನ್ನೋ ಸಬೂಬು. ಅಮೆರಿಕದ ಪಾಸ್‌ಪೋರ್ಟ್ ವೀಸಾ ಕೊಡಿಸುತ್ತೆ, ಆ ಮನೋಭಾವ ಬದಲಿಸಲ್ಲ. ಉತ್ತರವೇ ಬರದಿದ್ದರೆ ಅದನ್ನು ನಿಮ್ಮ ಕೊರತೆ ಅಂದುಕೊಳ್ಳಬೇಡಿ. ವಿಡಿಯೊ ಸಂದರ್ಶನ ಆಗದೆ ಸಹಿ ಮಾಡಲೂ ಬೇಡಿ. ಸಂದರ್ಶನದಲ್ಲಿ ಮಾಲೀಕರ ಬದಲು ಈಗಿರುವ ವಿದೇಶಿ ಶಿಕ್ಷಕರ ಜತೆ ಅರ್ಧ ಗಂಟೆ ಒಬ್ಬರೇ ಮಾತಾಡೋಕೆ ಬಿಡಿ ಅಂತ ಕೇಳಿ. ಅವರಿಗೆ ಕೇಳಬೇಕಾದ್ದು ಮೂರು: ಸಂಬಳ ಯಾವತ್ತಾದರೂ ತಡವಾಗಿದೆಯಾ, ಎರಡನೇ ವರ್ಷಕ್ಕೆ ಉಳಿದವರು ಎಷ್ಟು, ನೀವು ಯಾಕೆ ಬಿಡ್ತಿದೀರಿ. ಮಾತಾಡೋಕೆ ಬಿಡಲ್ಲ ಅಂದರೆ ಅದೇ ಉತ್ತರ.

ಯಾಕಿಷ್ಟು ಹುಷಾರು ಅಂದರೆ, ಇ-2 ವೀಸಾ ಆ ಒಂದು ಶಾಲೆಗೆ ಕಟ್ಟಿದ ಹಗ್ಗ. ಬೇರೆ ಕಡೆ ಸೇರಬೇಕಾದರೆ ಹಳೇ ಮಾಲೀಕರ ಒಪ್ಪಿಗೆ ಪತ್ರ ಕೇಳ್ತಾರೆ. ಅವರು ಕೊಡದಿದ್ದರೆ ವೀಸಾ ಅವಧಿ ಮುಗಿಯುವವರೆಗೆ ಸಹಿಸೋದು, ಇಲ್ಲ ದೇಶ ಬಿಟ್ಟು ಹೊಸದಾಗಿ ಶುರು ಮಾಡೋದು. ಮನೆಯೂ ಅವರದ್ದೇ ಆದ್ದರಿಂದ ಕೆಲಸ ಹೋದ ದಿನ ಸೂರೂ ಹೋಗುತ್ತೆ. ಸಂಜೆ ಹೊತ್ತು ಮನೆಪಾಠ ಹೇಳಿ ನಾಲ್ಕು ಕಾಸು ಮಾಡೋಣ ಅನ್ನೋದೂ ಆಗಲ್ಲ, ಇ-2ದವರಿಗೆ ಅದು ಅಪರಾಧ. ಪಾಸ್‌ಪೋರ್ಟ್ 'ಸುರಕ್ಷತೆಗೆ' ಅಂತ ಇಟ್ಟುಕೊಳ್ಳೋಕೆ ಮಾಲೀಕರಿಗೆ ಹಕ್ಕಿಲ್ಲ, ಕೊಡಬೇಡಿ.

ಮಕ್ಕಳ ಜತೆ ಬೆರೆಯೋದು ಇಷ್ಟವಿಲ್ಲ, ಬರೀ ದೇಶ ನೋಡೋ ಆಸೆ ಅಂದರೆ ಈ ಕೆಲಸ ತಗೋಬೇಡಿ. ವಾರಕ್ಕೆ ಐದು ದಿನ, ನಾಲ್ಕು ವರ್ಷದ ಮಗು ಅಳ್ತಿರೋವಾಗ 'ಸಿ ಫಾರ್ ಕ್ಯಾಟ್' ಹಾಡಬೇಕು.

ಪಯಣಿಗ_22:

ಎಲ್ಲರಿಗೂ ಧನ್ಯವಾದ. ಬುಸಾನ್‌ನವರಿಗೆ ಕ್ಲಾಸಿನ ಸಂಖ್ಯೆ, ವಿರಾಮ, ಪಿಂಚಣಿ ಮೂರನ್ನೂ ಬರೆದು ಕೇಳಿದೆ. 'ಎಲ್ಲ ಹಾಗ್ವಾನ್‌ಗಳಲ್ಲೂ ಹೀಗೇ' ಅಂತ ಉತ್ತರ ಬಂತು. ಏಪಿಕ್‌ಗೆ ಅರ್ಜಿ ಹಾಕ್ತೀನಿ. ಇನ್ನೆರಡು ಪ್ರಶ್ನೆ: ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಬಹುದಾ? ಮೊದಲ ತಿಂಗಳಿಗೆ ಕೈಯಲ್ಲಿ ಎಷ್ಟು ದುಡ್ಡಿರಬೇಕು?

ಭೂತಗನ್ನಡಿ:

'ಎಲ್ಲ ಕಡೆ ಹೀಗೇ' ಅಲ್ಲ. ಪಿಂಚಣಿ, ವಿಮೆ ಸರಿಯಾಗಿ ಕಟ್ಟೋ ಹಾಗ್ವಾನ್‌ಗಳು ಎಷ್ಟೋ ಇವೆ. ಬಿಟ್ಟಿದ್ದು ಒಳ್ಳೇದಾಯ್ತು.

ವರ್ಕಿಂಗ್ ಹಾಲಿಡೇ ವೀಸಾದಲ್ಲಿ (ಎಚ್-1) ಭಾಷೆ ಕಲಿಸೋ ಕೆಲಸ ಮಾಡೋ ಹಾಗಿಲ್ಲ. ಕೆಫೆಯಲ್ಲಿ ಕಾಫಿ ಕೊಡಬಹುದು, ಇಂಗ್ಲಿಷ್ ಪಾಠ ಇಲ್ಲ.

ದುಡ್ಡು: 12ರಿಂದ 15 ಲಕ್ಷ ವಾನ್ ಇಟ್ಟುಕೊಂಡು ಹೋಗಿ. ಮೊದಲ ಸಂಬಳ ಬರೋಕೆ ತಿಂಗಳು ಬೇಕು. ದೇಶಕ್ಕೆ ಬಂದ 90 ದಿನದೊಳಗೆ ವಿದೇಶಿ ನೋಂದಣಿ ಕಾರ್ಡ್‌ಗೆ ಅರ್ಜಿ ಹಾಕಬೇಕು, ಆದರೆ ಅಷ್ಟು ದಿನ ಕಾಯಬೇಡಿ. ವಲಸೆ ಕಚೇರಿಯ ಸಮಯ ಹೈಕೊರಿಯಾ ವೆಬ್‌ಸೈಟ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು, ಆಗಸ್ಟ್ ಕೊನೆಗೆ ನೂಕುನುಗ್ಗಲು. ಆ ಕಾರ್ಡ್ ಇಲ್ಲದೆ ನಿಮ್ಮ ಹೆಸರಿನ ಮೊಬೈಲ್ ಸಂಪರ್ಕ ಕಷ್ಟ. ಅಲ್ಲಿನ ಮೊಬೈಲ್ ನಂಬರಿಲ್ಲದೆ ಬ್ಯಾಂಕ್ ಆ್ಯಪ್‌ನಿಂದ ಹಿಡಿದು ಆನ್‌ಲೈನ್ ಖರೀದಿವರೆಗೆ ಯಾವುದರಲ್ಲೂ ಗುರುತು ದೃಢೀಕರಣ ಆಗಲ್ಲ. ಚಳಿಗಾಲದಲ್ಲಿ ನೆಲ ಬಿಸಿ ಮಾಡೋ ಒಂಡೋಲ್‌ನ ಗ್ಯಾಸ್ ಬಿಲ್ಲೂ ನಿಮ್ಮದೇ, ಇಡೀ ದಿನ ಹಚ್ಚಿಟ್ಟು ಶಾಲೆಗೆ ಹೋಗಬೇಡಿ.

ಇನ್ನೊಂದು, ಸರ್ಕಾರಿ ಶಾಲೆ ಆದ್ದರಿಂದ: ಅಮೆರಿಕ–ಕೊರಿಯಾ ತೆರಿಗೆ ಒಪ್ಪಂದದಲ್ಲಿ ಶಿಕ್ಷಕರಿಗೆ ಎರಡು ವರ್ಷ ಕೊರಿಯಾದ ಆದಾಯ ತೆರಿಗೆ ವಿನಾಯಿತಿ ಇದೆ. ಅದಕ್ಕೆ ಅಮೆರಿಕದ ತೆರಿಗೆ ಇಲಾಖೆಯಿಂದ 6166 ನಮೂನೆ (ತೆರಿಗೆ ಲೆಕ್ಕಕ್ಕೆ ನೀವು ಅಮೆರಿಕದ ನಿವಾಸಿ ಅನ್ನೋ ಪತ್ರ) ತರಿಸಿ ಶಾಲೆಗೆ ಕೊಡಬೇಕು. ಬರೋಕೆ ತಿಂಗಳುಗಳೇ ಹಿಡೀಬಹುದು, ಬೆರಳಚ್ಚಿನ ಜತೆಗೇ ಅದನ್ನೂ ಶುರು ಮಾಡಿ. ತೊಂದರೆ ಆದರೆ ಎರಡು ನಂಬರ್: ಕಾರ್ಮಿಕ ಸಚಿವಾಲಯ 1350, ವಲಸೆ ವಿಚಾರಕ್ಕೆ 1345. ಎರಡರಲ್ಲೂ ಇಂಗ್ಲಿಷ್‌ನಲ್ಲಿ ಮಾತಾಡುವವರು ಸಿಗ್ತಾರೆ.

ಚಾಕ್‌ಪೀಸ್_ಚೂರು:

ಅಪೊಸ್ಟಿಲ್ ಹಾಳೆಯನ್ನು ಪತ್ರಕ್ಕೆ ಪಿನ್ ಹೊಡೆದೇ ಕೊಡುತ್ತಾರೆ. ಸ್ಕ್ಯಾನ್ ಮಾಡುವಾಗ ಆ ಪಿನ್ ಕೀಳಬೇಡಿ, ಹಾಳೆ ಮಡಚಿ ಸ್ಕ್ಯಾನ್ ಮಾಡಿ. ಬಿಚ್ಚಿ ಮತ್ತೆ ಹೊಡೆದ ತೂತು ಕಂಡರೆ ತಿರುಚಿದ ದಾಖಲೆ ಎಂದು ವಾಪಸ್ ಕಳಿಸಬಹುದು, ಮತ್ತೆ ಮೊದಲಿನಿಂದ ಎಲ್ಲ.